ಪ್ರಶ್ನೆ ಯಾರದು?

ಸಂಶೋಧನೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ: ಪ್ರಶ್ನೆ ಕೇಳುವ ಪಂಡಿತ ಒಂದು ಕಡೆ, ಉತ್ತರ ಕೊಡುವ ಪಾಮರ ಇನ್ನೊಂದು ಕಡೆ. ಮನಸ್ಸಿನ ಬೇನೆಗೆ ಒಳಗಾದ ತರುಣರ ವಿಷಯದಲ್ಲಂತೂ ಈ ಅಂತರ ಇಮ್ಮಡಿಯಾಗುತ್ತದೆ. ವಯಸ್ಸು ಚಿಕ್ಕದು, ಮನಸ್ಸಿಗೆ ಸ್ವಾಸ್ಥ್ಯವಿಲ್ಲ; ಇಂಥವರ ಅಭಿಪ್ರಾಯಕ್ಕೆ ಬೆಲೆಯೇನು ಎಂದು ಹಿರಿಯರಾದ ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ.

ಆದರೆ ಈ ಬೇನೆ ಮುಖ್ಯವಾಗಿ ಎಳೆಯರದೇ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಕಾಡುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೆ, ಮುಕ್ಕಾಲು ಪಾಲು 24 ವರ್ಷದೊಳಗೆ ತಲೆದೋರುತ್ತವೆ. ಹೀಗಿರುವಾಗ ಚಿಕಿತ್ಸೆಯ ವ್ಯವಸ್ಥೆ ಹೇಗಿರಬೇಕೆಂದು ಶೋಧಿಸುವವರ ನಡುವೆ ಅವರಿಗೂ ಒಂದು ಆಸನ ಬೇಡವೇ?

ನಾನು ವೈದ್ಯನಲ್ಲ, ಭಾಷೆಯ ಅಧ್ಯಾಪಕ. ಆದ್ದರಿಂದ ಭಾಷೆಯಿಂದಲೇ ಒಂದು ನಿದರ್ಶನ ಕೊಡುತ್ತೇನೆ. ಪ್ರಶ್ನಾವಳಿಯಲ್ಲಿ 'ನಿಮಗೆ ಖಿನ್ನತೆ ಇದೆಯೇ?' ಎಂದು ಅಚ್ಚಾಗಿದೆಯೆನ್ನಿ. ನಮ್ಮ ಹುಡುಗರು ಆಡುವ ಮಾತು 'ಬೇಜಾರು'. ಕೆಲಸವಿಲ್ಲದ ಹೊತ್ತಿನ ಬೇಸರವೂ ಬೇಜಾರೇ, ಗೆಳೆಯನ ಮೇಲಿನ ಮುನಿಸೂ ಬೇಜಾರೇ, ಬದುಕೇ ಬೇಡವೆನಿಸುವ ಸಂಕಟವೂ ಬೇಜಾರೇ. ಯಾವುದು ಯಾವಾಗ ಎಂಬ ಸೂಕ್ಷ್ಮವನ್ನು ಆ ಮಾತನ್ನು ದಿನವೂ ಆಡುವ ವಯಸ್ಸಿನವರಷ್ಟು ಚೆನ್ನಾಗಿ ಬೇರೆ ಯಾರು ಬಲ್ಲರು? ಗುಣವಾಗುವುದೆಂದರೇನು ಎಂಬ ಪ್ರಶ್ನೆಯೂ ಹೀಗೆಯೇ. ತಜ್ಞರು ನಿದ್ರೆಯನ್ನೂ ಹಸಿವನ್ನೂ ಅಳೆದಾರು. ಹುಡುಗಿಗೆ ಬೇಕಾದದ್ದು ಮತ್ತೆ ಕಾಲೇಜಿಗೆ ಹೋಗುವ ಧೈರ್ಯವಿರಬಹುದು, ಊರವರಿಗೆ ಸುದ್ದಿ ಮುಟ್ಟದೆಂಬ ಭರವಸೆಯಿರಬಹುದು.

ಆಸ್ಟ್ರೇಲಿಯದಲ್ಲಿ 2006ರಲ್ಲಿ ಆರಂಭವಾದ 'ಹೆಡ್‌ಸ್ಪೇಸ್' ಎಂಬ ಸಂಸ್ಥೆ 12ರಿಂದ 25 ವರ್ಷದವರಿಗಾಗಿಯೇ ಕೇಂದ್ರಗಳನ್ನು ತೆರೆದು, ಅವುಗಳ ರೂಪುರೇಷೆಯಲ್ಲಿ ತರುಣರ ಸಲಹೆಯನ್ನೂ ಪಡೆಯಿತು. ಸಲಹೆ ಕೇಳುವುದರಲ್ಲಿಯೂ ತರತಮಗಳುಂಟು. ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಮಕ್ಕಳ ಪಾಲುಗಾರಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದರು. ಹಿರಿಯರ ಮಾತನ್ನೇ ಕಿರಿಯರ ಬಾಯಿಂದ ಆಡಿಸುವುದು, ಶೋಭೆಗಾಗಿ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು, ಈ ಕೆಳಗಿನ ಮೂರು ಮೆಟ್ಟಿಲುಗಳು ಪಾಲುಗಾರಿಕೆಯೇ ಅಲ್ಲವೆಂದರು. ನಮ್ಮ ಶಾಲೆಗಳ ವಾರ್ಷಿಕೋತ್ಸವಗಳನ್ನು ಕಂಡವರಿಗೆ ಈ ಮೂರೂ ಪರಿಚಿತವೇ!

ನೊಂದ ಮನಸ್ಸಿನ ಮೇಲೆ ಇನ್ನೊಂದು ಹೊರೆಯಾಗದೇ ಎಂದು ಕೆಲವರು ಶಂಕಿಸಬಹುದು. ಶಂಕೆ ನ್ಯಾಯವಾದದ್ದೇ. ಅದಕ್ಕಾಗಿಯೇ ರಕ್ಷಣೆಗಳಿರಬೇಕು: ತನ್ನ ಕಥೆಯನ್ನು ಎಷ್ಟು ಹೇಳಬೇಕೆಂಬುದು ಅವರ ಇಚ್ಛೆ, ಬೇಡವೆನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯ, ದಣಿದಾಗ ಸಂತೈಸಲು ಹತ್ತಿರವೇ ಒಬ್ಬ ಆಪ್ತರು, ದುಡಿಮೆಗೆ ತಕ್ಕ ಸಂಭಾವನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಅಧ್ಯಯನಕ್ಕೆ ಒಳಪಡುವ ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆಯಷ್ಟೇ ಸಾಲದು, 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆನ್ನುತ್ತದೆ.

ಸಮ್ಮತಿ ಕೇಳುವುದು ಮೊದಲ ಹೆಜ್ಜೆ. ಏನನ್ನು ಶೋಧಿಸಬೇಕೆಂದು ಕೇಳುವುದು ಮುಂದಿನ ಹೆಜ್ಜೆ. ಪ್ರಶ್ನಾವಳಿ ಅಚ್ಚಿಗೆ ಹೋದ ಮೇಲೆ ಕರೆದರೆ ಅವರು ಅಕ್ಷರ ತಿದ್ದಿಯಾರು, ಅಷ್ಟೇ. ಕಾಗದ ಇನ್ನೂ ಬರಿದಾಗಿರುವಾಗಲೇ ಅವರನ್ನು ಕರೆಯೋಣ.