ನಿಂಬೆಯ ಕಜ್ಜಿರೋಗವೂ ಅದರ ಪಂಗಡಗಳೂ

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರಿಗಾಗಿ ಮಾಡಿದ ಭಾಷಣ)



ನಾಲೆಯ ನೀರು ಏರದ ದಿಣ್ಣೆಯಲ್ಲಿಯೂ ಬಾವಿಯ ಮಗ್ಗುಲಿನಲ್ಲಿಯೂ ನಿಂಬೆಯನ್ನಿಟ್ಟಿರುವವರು ಅದರ ಎಲೆ, ರೆಂಬೆ, ಕಾಯಿಗಳ ಮೇಲೆ ಒರಟಾದ ಕಂದು ಗುಳ್ಳೆಗಳೇಳುವುದನ್ನು ಕಂಡೇ ಇರುವಿರಿ. ಎಲೆಯಲ್ಲಾದರೆ ಗುಳ್ಳೆಯ ಸುತ್ತ ಹಳದಿಯ ಬಳೆಯಿರುವುದು. ಇದೇ ಕಜ್ಜಿರೋಗ. ಒಳಗಿನ ರಸವು ಕೆಡದಿದ್ದರೂ ಅಂಥ ಹಣ್ಣಿಗೆ ಸಂತೆಯಲ್ಲಿ ಬೆಲೆ ಹುಟ್ಟದು.

ಇದು ದೃಷ್ಟಿದೋಷವಲ್ಲ. ಕ್ಸ್ಯಾಂಥೊಮೊನಾಸ್ ಸಿಟ್ರಿ ಎಂಬ ಸೂಕ್ಷ್ಮಾಣುವೇ ಇದಕ್ಕೆ ಕಾರಣ. ಈ ಪಿಡುಗು ನಮ್ಮಲ್ಲಿ ಬಲು ಹಳೆಯದು. ೧೮೨೭ರಿಂದ ೧೮೩೧ರೊಳಗೆ ಭಾರತದಲ್ಲಿ ಸಂಗ್ರಹಿಸಿ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಒಣಗಿಸಿಟ್ಟಿದ್ದ ಮಾದಳದ ಮಾದರಿಯಲ್ಲಿ ಇದರ ಗುರುತಿದ್ದುದು ೧೯೩೩ರಲ್ಲಿ ಪ್ರಕಟವಾಯಿತು.

ರಾಗಿಯಲ್ಲಿ ಹಲವು ತಳಿಗಳಿರುವಂತೆ ಈ ಸೂಕ್ಷ್ಮಾಣುವಿನಲ್ಲಿಯೂ ಪಂಗಡಗಳುಂಟು. ಕಣ್ಣಿಗೆ ಕಜ್ಜಿ ಒಂದೇ. ವಂಶವಾಹಿಗಳನ್ನು ಪರೀಕ್ಷಿಸಿದಾಗ ಭೇದವು ತಿಳಿಯುವುದು. ‘ಎ’ ಎಂಬ ಪಂಗಡವು ನಿಂಬೆ, ಮೂಸಂಬಿ, ಚಕ್ಕೋತ ಮೊದಲಾದ ಅನೇಕ ಜಾತಿಗಳಿಗೆ ತಗಲುವುದು. ‘ಎ-ನಕ್ಷತ್ರ’ವೆಂಬುದು ಹೆಚ್ಚಾಗಿ ನಮ್ಮ ಸಣ್ಣ ನಿಂಬೆಯನ್ನೇ ಹಿಡಿಯುವುದು, ಅರಬ್ಬೀ ದೇಶ, ಇರಾನ್‌ಗಳಲ್ಲಿಯೂ ಭಾರತದಲ್ಲಿಯೂ ಇದು ಕಂಡುಬಂದಿದೆ.

ಇದರಿಂದ ನಮಗೇನೆಂದು ಕೇಳಬಹುದು. ನೆರೆಯವರ ಮೂಸಂಬಿಗೆ ಕಜ್ಜಿಯಿಲ್ಲವೆಂದು ನಿಮ್ಮ ನಿಂಬೆಯ ವಿಷಯದಲ್ಲಿ ನಿಶ್ಚಿಂತರಾಗಿರಬೇಡಿರಿ. ಹಾಗೆಯೇ, “ನಮ್ಮೂರಿನಲ್ಲಿ ಹೇಗೂ ರೋಗವಿದೆ, ಹೊರಗಿನ ಸಸಿಯಿಂದ ಹೊಸದೇನು ಬಂದೀತು?” ಎಂಬ ಮಾತನ್ನು ಬಿಡಬೇಕು, ನನ್ನ ಅಭಿಪ್ರಾಯದಲ್ಲಿ ಇದೇ ಹೆಚ್ಚು ಅಪಾಯಕರವಾದುದು. ಈವರೆಗೆ ನಿಂಬೆಯಲ್ಲಿ ಮಾತ್ರ ಇದ್ದ ಊರಿಗೆ, ಅನೇಕ ಜಾತಿಗಳನ್ನು ಹಿಡಿಯುವ ಪಂಗಡವು ಒಂದು ಕಟ್ಟು ಸಸಿಯೊಡನೆ ಬರಬಹುದು. ಅರ್ಜೆಂಟೈನಾ ದೇಶದಲ್ಲಿ ತಾಮ್ರದ ಔಷಧಕ್ಕೂ ಬಗ್ಗದ ಸೂಕ್ಷ್ಮಾಣುಗಳು ಸಿಕ್ಕಿವೆ.

ಮಳೆಯ ಹನಿಯೂ ಗಾಳಿಯೂ ರೋಗವನ್ನು ಹರಡುವುವು. ರಂಗೋಲಿ ಹುಳು ಕೊರೆದ ಎಳೆಯ ಎಲೆಯ ಗಾಯವು ಅದಕ್ಕೆ ತೆರೆದ ಬಾಗಿಲು. ಆದಕಾರಣ ಮುಂಗಾರಿಗೆ ಮೊದಲು ಕಜ್ಜಿ ಹಿಡಿದ ರೆಂಬೆಗಳನ್ನು ಕತ್ತರಿಸಿ ಸುಡತಕ್ಕದ್ದು. ಬಳಿಕ ಬೋರ್ಡೋ ದ್ರಾವಣವನ್ನು ಸಿಂಪಡಿಸಿ, ಹೊಸ ಚಿಗುರು ಬಂದಾಗಲೆಲ್ಲ ಪುನಃ ಹೊಡೆಯಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಕೋಲ್‌ಮನ್‌ರವರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ರೂಢಿಗೆ ತಂದ ಔಷಧವೇ ಇದು. ೧೦೦ ಲೀಟರು ನೀರಿಗೆ ೧ ಕಿಲೋ ಮೈಲುತುತ್ತ, ೧ ಕಿಲೋ ಸುಟ್ಟ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಹೊಳಪಿರುವ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಿರಿ.

ಸಸಿಯ ಗಾಡಿ ಊರಿಗೆ ಬಂದಾಗ ಯಜಮಾನರು ಮುಂದೆ ನಿಂತು, ಎಲೆಗಳ ಎರಡು ಮಗ್ಗುಲನ್ನೂ ನೋಡಿಸಿ, ಒಂದೇ ಗುಳ್ಳೆಯಿದ್ದರೂ ಆ ಕಟ್ಟನ್ನು ಹಿಂದಕ್ಕೆ ಕಳುಹಿಸುವುದು. ನಿಂಬೆಯ ಜೊತೆಗೆ ಮೂಸಂಬಿ, ಚಕ್ಕೋತಗಳಿಗೂ ಕಜ್ಜಿ ಕಂಡಲ್ಲಿ, ಎಲೆಗಳನ್ನು ಕಾಗದದಲ್ಲಿ ಬೇರೆ ಬೇರೆ ಸುತ್ತಿ, ಮರದ ಜಾತಿಯನ್ನು ಬರೆದು, ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದ ತಜ್ಞರಿಗೆ ತೋರಿಸುವುದು.