ದೊಡ್ಡ ಹಕ್ಕಿಗಳ ಹಾರಾಟದ ಆಯವ್ಯಯ



ಬಿಸಿಲೇರಿದ ಹೊತ್ತಿನಲ್ಲಿ ಕೊಕ್ಕರೆ ಬೆಳ್ಳೂರಿನ ಕಡೆ ಹೋದವರು, ಹೆಜ್ಜಾರ್ಲೆಗಳ ಹಿಂಡು ಆಕಾಶದಲ್ಲಿ ಮೆಲ್ಲಮೆಲ್ಲನೆ ಸುತ್ತುತ್ತ ಮೇಲೇರುವುದನ್ನು ನೋಡಿರಬಹುದು. ರೆಕ್ಕೆ ಅಲುಗದು; ಆದರೂ ಹಕ್ಕಿ ಏರುತ್ತಲೇ ಇರುವುದು. ಇದನ್ನು ಕಂಡು ನಾವು ಅದರ ಬಲವನ್ನು ಹೊಗಳುತ್ತೇವೆ. ಹೊಗಳತಕ್ಕದ್ದು ಅದರ ಮಿತವ್ಯಯವನ್ನು. ಅಷ್ಟು ಭಾರದ ಮೈಯನ್ನು ರೆಕ್ಕೆ ಬಡಿದೇ ದಿನವೆಲ್ಲ ಹೊರುವಷ್ಟು ಶಕ್ತಿ ಅದಕ್ಕಿಲ್ಲ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಕಂಬವನ್ನು ಹುಡುಕಿ, ಅದರೊಳಗೆ ಸುತ್ತುತ್ತ, ಸೂರ್ಯನ ಖರ್ಚಿನಲ್ಲಿ ಅದು ಎತ್ತರವನ್ನು ಸಂಪಾದಿಸಿಕೊಳ್ಳುತ್ತದೆ.

ಈ ಬಡತನಕ್ಕೆ ಕಾರಣವೊಂದು ಲೆಕ್ಕ. ಲೆಕ್ಕವೆಂದೊಡನೆ ಯಂತ್ರದ ಗುಂಡಿಯನ್ನು ತಿರುಗಿಸಿಬಿಡಬಾರದೆಂದು ಬೇಡುತ್ತೇನೆ. ಇದು ಪಾಠಶಾಲೆಯ ಹುಡುಗರೂ ಮಾಡಬಲ್ಲ ಲೆಕ್ಕ. ಒಂದು ಹಕ್ಕಿಯ ಉದ್ದ, ಅಗಲ, ದಪ್ಪ ಮೂರನ್ನೂ ಎರಡರಷ್ಟು ಹಿಗ್ಗಿಸಿದೆವೆಂದು ಭಾವಿಸೋಣ. ರೆಕ್ಕೆಯ ಹರವಿಗೆ ಉದ್ದ ಅಗಲಗಳೆರಡೇ ಸೇರುವುದರಿಂದ ಅದು 4ರಷ್ಟಾಗುವುದು. ಮೈಭಾರಕ್ಕೆ ಮೂರೂ ಸೇರುವುದರಿಂದ ಅದು 8ರಷ್ಟಾಗುವುದು. ಎಂದರೆ ರೆಕ್ಕೆಯ ಒಂದೊಂದು ಚದರಂಗುಲವೂ ಮೊದಲಿನ ಎರಡರಷ್ಟು ಭಾರವನ್ನು ಹೊರಬೇಕಾಯಿತು. ಹಾಗೆ ಹೊರಬೇಕಾದರೆ ಹಕ್ಕಿಯು ಹೆಚ್ಚಿನ ವೇಗದಿಂದ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಹಂಸಗಳು ಮೇಲೇಳುವ ಮೊದಲು ನೀರಿನ ಮೇಲೆ ಬಹುದೂರ ಓಡುವುದು ಈ ವೇಗವನ್ನು ಪಡೆಯುವುದಕ್ಕಾಗಿಯೇ.

ಇನ್ನು ಸ್ನಾಯುಗಳ ಮಾತು. ಒಂದು ತೂಕದ ಸ್ನಾಯು ಒಂದು ಸಲ ಕುಗ್ಗಿದಾಗ ಮಾಡಬಲ್ಲ ಕೆಲಸಕ್ಕೆ ಒಂದು ಮಿತಿಯುಂಟು. ಪುಟ್ಟ ಹಮ್ಮಿಂಗ್ ಹಕ್ಕಿಯು ಸೆಕೆಂಡಿಗೆ 50 ಸಲ ರೆಕ್ಕೆ ಬಡಿದು ಈ ಮಿತಿಯನ್ನು ಸರಿದೂಗಿಸಿಕೊಳ್ಳುತ್ತದೆ. ರಣಹದ್ದಿನಂಥ ಹಕ್ಕಿಯ ನೀಳವಾದ ರೆಕ್ಕೆ ಸೆಕೆಂಡಿಗೆ ಎರಡು ಮೂರು ಸಲಕ್ಕಿಂತ ಹೆಚ್ಚು ಆಡಲಾರದು. ಹೀಗೆ ಗಾತ್ರ ಬೆಳೆದಂತೆಲ್ಲ ಬೇಕಾದ ಶಕ್ತಿ ಬೇಗ ಏರುತ್ತದೆ, ದೊರೆಯುವ ಶಕ್ತಿ ನಿಧಾನವಾಗಿ ಏರುತ್ತದೆ. ಒಂದು ಹಂತದಲ್ಲಿ ಆಯವು ವ್ಯಯಕ್ಕೆ ಸಾಲದೆ ಹೋಗುತ್ತದೆ. ಇಂದು ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲೊಂದಾದ ಆಫ್ರಿಕದ ಕೋರಿ ಬಸ್ಟರ್ಡ್ ಸುಮಾರು 18 ಕಿಲೋಗ್ರಾಂಗೆ ನಿಂತಿದೆ. ಅರ್ಜೆಂಟೀನಾ ದೇಶದಲ್ಲಿ ಸುಮಾರು 60 ಲಕ್ಷ ವರ್ಷಗಳ ಹಿಂದೆ ಇದ್ದ ಅರ್ಜೆಂಟಾವಿಸ್ ಎಂಬ ಹಕ್ಕಿ 70 ಕಿಲೋಗ್ರಾಂ ತೂಗುತ್ತಿತ್ತೆಂದು ಅದರ ಮೂಳೆಗಳಿಂದ ಅಂದಾಜು ಮಾಡಿದ್ದಾರೆ. ಅದು ಸಮತಟ್ಟಾದ ನೆಲದಿಂದ ತನ್ನ ಸ್ನಾಯುಬಲದಿಂದಲೇ ಏಳಲಾರದೆಂದೂ, ಇಳಿಜಾರನ್ನೂ ಎದುರುಗಾಳಿಯನ್ನೂ ನೆಚ್ಚಿಕೊಂಡಿದ್ದಿರಬೇಕೆಂದೂ ಶಂಕರ ಚಟರ್ಜಿಯವರೂ ಅವರ ಸಹೋದ್ಯೋಗಿಗಳೂ 2007ರಲ್ಲಿ ಲೆಕ್ಕಹಾಕಿ ತೋರಿಸಿದರು.

ಹಕ್ಕಿಯ ದೇಹಯಂತ್ರ ಸಾಮಾನ್ಯವಾದುದೆಂದು ಇದರಿಂದ ಎಣಿಸಬಾರದು. ಅದರ ಹೃದಯ ಅಷ್ಟೇ ಗಾತ್ರದ ಮೃಗದ ಹೃದಯಕ್ಕಿಂತ ದೊಡ್ಡದು. ನಮ್ಮ ಶ್ವಾಸಕೋಶದಲ್ಲಿ ಗಾಳಿಯು ಹೋದ ದಾರಿಯಲ್ಲೇ ಹಿಂದಿರುಗುವುದು. ಹಕ್ಕಿಗಾದರೋ ಶ್ವಾಸಕೋಶದ ಹಿಂದೆ ಮುಂದೆ ಗಾಳಿಚೀಲಗಳಿದ್ದು, ಅವು ತಿದಿಗಳಂತೆ ಕೆಲಸಮಾಡಿ, ಉಸಿರನ್ನು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಯಿಸುತ್ತವೆ. ಸೌದೆಯ ಬದಲು ಅಲ್ಲಿ ಉರಿಯುವುದು ಕೊಬ್ಬು. ಒಂದು ಗ್ರಾಂ ಕೊಬ್ಬು ಅಷ್ಟೇ ಸಕ್ಕರೆಯ ಎರಡರಷ್ಟಕ್ಕೂ ಹೆಚ್ಚು ಶಾಖವನ್ನು ಕೊಡುತ್ತದೆ. ಇಷ್ಟಿದ್ದರೂ ರೆಕ್ಕೆ ಬಡಿದು ಹಾರುವ ಹಕ್ಕಿಗೆ ಸುಮ್ಮನೆ ಕುಳಿತಾಗಿನ ಸುಮಾರು ಹತ್ತರಷ್ಟು ಶಕ್ತಿ ಬೇಕು. ರೆಕ್ಕೆ ಚಾಚಿ ತೇಲುವಾಗ ಸುಮಾರು ಎರಡರಷ್ಟು ಸಾಕೆಂದು ಕಡಲಹಕ್ಕಿಗಳಲ್ಲಿ ಅಳೆದು ನೋಡಿದ್ದಾರೆ. ದಕ್ಷಿಣ ಸಮುದ್ರಗಳ ಆಲ್ಬಟ್ರಾಸಿಗೆ ಚಾಚಿದ ರೆಕ್ಕೆಯನ್ನು ಹಿಡಿದು ನಿಲ್ಲಿಸಲು ಹೆಗಲಿನಲ್ಲಿ ಅಗುಳಿಯಂಥ ಸ್ನಾಯುರಜ್ಜುವೇ ಇದೆ.

ಈ ಮಿತವ್ಯಯ ಎಷ್ಟರ ಮಟ್ಟಿನದೆಂಬುದನ್ನು ಆಂಡೀಸ್ ಪರ್ವತಗಳ ಕಾಂಡೊರ್ ತಿಳಿಸಿಕೊಟ್ಟಿತು. ಇದು 15 ಕಿಲೋಗ್ರಾಂವರೆಗೆ ತೂಗುವ, 10 ಅಡಿಯಷ್ಟು ರೆಕ್ಕೆಯಗಲವುಳ್ಳ ಹದ್ದು. ಪ್ರತಿಯೊಂದು ರೆಕ್ಕೆಬಡಿತವನ್ನೂ ಗುರುತುಹಾಕಿಕೊಳ್ಳುವ ಸಣ್ಣ ಯಂತ್ರಗಳನ್ನು ಕೆಲವು ಕಾಂಡೊರುಗಳಿಗೆ ಕಟ್ಟಿ ಬಿಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶವಿದು: ಹಾರುವ ಹೊತ್ತಿನ 100ರಲ್ಲಿ ಒಂದು ಪಾಲು ಮಾತ್ರ ಅವು ರೆಕ್ಕೆ ಬಡಿದವು. ಒಂದು ಹಕ್ಕಿಯಂತೂ 5 ಗಂಟೆಗೂ ಮೇಲ್ಪಟ್ಟು, ಸುಮಾರು 172 ಕಿಲೋಮೀಟರ್ ದೂರ, ಒಮ್ಮೆಯೂ ಬಡಿಯದೆ ಸಾಗಿತು. ಇವು ಇನ್ನೂ ಪ್ರಾಯಕ್ಕೆ ಬಾರದ ಮರಿಗಳೆಂಬುದನ್ನು ಮರೆಯಬಾರದು. ಆದರೆ ನನಗೆ ಇದಕ್ಕಿಂತಲೂ ಮುಖ್ಯವಾಗಿ ತೋರುವುದು ಬೇರೊಂದು ಅಂಶ. ಬಡಿದ ಅಷ್ಟಿಷ್ಟು ಬಡಿತಗಳಲ್ಲಿಯೂ ಮುಕ್ಕಾಲು ಪಾಲಿಗಿಂತ ಹೆಚ್ಚಿನವು ನೆಲಬಿಟ್ಟು ಏಳುವಾಗ ಬಡಿದವು. ದೊಡ್ಡ ಹಕ್ಕಿಗೆ ಆಕಾಶದಲ್ಲಿರುವುದು ಅಗ್ಗ. ನೆಲದಿಂದ ಆಕಾಶಕ್ಕೆ ಹೋಗುವುದೇ ದುಬಾರಿ.

ತೇಲುವ ಅನುಕೂಲವಿಲ್ಲದೆ ಬಡಿದುಕೊಂಡೇ ಹೋಗಬೇಕಾದ ಹಕ್ಕಿಯ ಪಾಡೇನು? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇದಕ್ಕೆ ಉದಾಹರಣೆ. ಎರಡು ಮೂರು ಕಿಲೋಗ್ರಾಂ ತೂಗುವ ಈ ಬಾತುಗಳು ಟಿಬೆಟ್ಟು ಮಂಗೋಲಿಯಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಇಂಡಿಯಾಕ್ಕೆ ಬರುತ್ತವೆ. ಅವು ಎವರೆಸ್ಟಿನ ನೆತ್ತಿಯ ಮೇಲೆಯೇ ಹಾರುವುವೆಂಬ ಮಾತು ಕೇಳುವುದಕ್ಕೆ ಸೊಗಸಾಗಿದೆ. ಯಂತ್ರಗಳನ್ನು ಕಟ್ಟಿ ನೋಡಿದಾಗ ಕಂಡದ್ದು ಹೆಚ್ಚು ಜಾಣತನದ ನಡೆ. ಅವು ಆದಷ್ಟೂ ಕಣಿವೆಗಳನ್ನು ಹಿಡಿದು, ನೆಲದ ಏರಿಳಿತವನ್ನು ಅನುಸರಿಸಿ, ಗುಡ್ಡ ಬಂದಾಗ ಏರಿ, ಕಳೆದೊಡನೆ ಇಳಿದು ಹಾರುತ್ತವೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಕಳೆದುಕೊಳ್ಳುವುದು ದಡ್ಡತನವೆಂದು ನಮಗೆ ತೋರಬಹುದು. ಆದರೆ ಮೇಲೆ ಹೋದಷ್ಟೂ ಗಾಳಿ ತೆಳುವಾಗುವುದರಿಂದ ರೆಕ್ಕೆಗೆ ಆಧಾರ ಕಡಿಮೆ, ಬಡಿತ ಹೆಚ್ಚು; ಬಡಿತ ಸ್ವಲ್ಪ ಹೆಚ್ಚಿದರೂ ವೆಚ್ಚ ಬಹಳ ಏರುವುದು. ಕೆಳಗಿಳಿದು ಮತ್ತೆ ಏರುವುದೇ ಲಾಭವೆಂದು 2015ರಲ್ಲಿ ಪ್ರಕಟವಾದ ಅಳತೆಗಳಿಂದ ಸಿದ್ಧಪಟ್ಟಿತು. ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿಯನ್ನೂ ಮುಂಜಾವವನ್ನೂ ಅವು ಹೆಚ್ಚಾಗಿ ಆರಿಸಿಕೊಳ್ಳುತ್ತವೆ.

ಹೀಗಿದ್ದರೂ ಕೆಲವೆಡೆ ಏರಲೇಬೇಕು. ಒಂದು ಬಾತು 7,290 ಮೀಟರ್ ಎತ್ತರವನ್ನು ಮುಟ್ಟಿದ್ದು ದಾಖಲೆಯಾಗಿದೆ. ಸುಮಾರು 5,500 ಮೀಟರಿನಲ್ಲಿಯೇ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧವಾಗಿರುತ್ತದೆಂದರೆ, ಅಲ್ಲಿ ಉಸಿರಿಗೆ ಎಷ್ಟು ಆಮ್ಲಜನಕ ಉಳಿದೀತು! ಇತರ ಬಾತುಗಳಿಗಿಂತ ಇದರ ಶ್ವಾಸಕೋಶ ದೊಡ್ಡದು. ಹಾರುವ ಸ್ನಾಯುಗಳಲ್ಲಿ ಸೂಕ್ಷ್ಮರಕ್ತನಾಳಗಳು ಒತ್ತೊತ್ತಾಗಿವೆ. ರಕ್ತದ ಕೆಂಪುದ್ರವ್ಯದಲ್ಲಾದ ಅತಿ ಸಣ್ಣ ಮಾರ್ಪಾಟಿನಿಂದ ಅದು ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳಬಲ್ಲದು.

ಜೊತೆಗೂಡಿ ಹಾರುವುದರಲ್ಲಿಯೂ ಉಳಿತಾಯವುಂಟು. ಸೆನೆಗಾಲ್ ದೇಶದಲ್ಲಿ ಪಳಗಿಸಿದ ಹೆಜ್ಜಾರ್ಲೆಗಳ ಎದೆಬಡಿತವನ್ನು ಎಣಿಸಿದಾಗ, ಒಂಟಿಯಾಗಿ ಹಾರುವುದಕ್ಕಿಂತ ಸಾಲಿನಲ್ಲಿ ಹಾರುವಾಗ ಅದು 100ಕ್ಕೆ 11ರಿಂದ 14ರಷ್ಟು ಕಡಮೆಯಾಗಿತ್ತೆಂದು 2001ರಲ್ಲಿ ವರದಿಯಾಯಿತು.

ಇಷ್ಟು ಬಿಗಿಯಾದ ಆಯವ್ಯಯದಲ್ಲಿ ಹೊರಗಿನವರು ತಂದೊಡ್ಡುವ ವೆಚ್ಚಕ್ಕೆ ಜಾಗವೆಲ್ಲಿ? ಕೆರೆಯಂಗಳದಲ್ಲಿ ವಿಶ್ರಮಿಸುವ ಬಾತುಗಳ ಮೇಲೆ ನಾಯಿ ಬಿಡುವ, ಚಿತ್ರ ತೆಗೆಯುವುದಕ್ಕೆಂದು ಚಪ್ಪಾಳೆ ತಟ್ಟಿ ಹಿಂಡನ್ನು ಎಬ್ಬಿಸುವ ಜನರಿದ್ದಾರೆ. ಅವರಿಗೆ ಅದು ಒಂದು ನಿಮಿಷದ ವಿನೋದ. ಹಕ್ಕಿಗೆ ಅದು ಹಾರಾಟದಲ್ಲೆಲ್ಲ ಅತ್ಯಂತ ದುಬಾರಿಯಾದ ಭಾಗ. ಹಿಂದಿರುಗುವ ಪ್ರಯಾಣಕ್ಕೆಂದು ಕೂಡಿಟ್ಟ ಕೊಬ್ಬಿನಿಂದ ಅದನ್ನು ತೆರಬೇಕು.

ಇದಕ್ಕಿಂತ ಘೋರವಾದುದು ಎರೆಭೂತದ ಸ್ಥಿತಿ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿಯೂ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿರುವ ಈ ಹಕ್ಕಿಯ ಗಂಡು 15 ಕಿಲೋಗ್ರಾಂವರೆಗೂ ತೂಗುವುದು. ಇಡೀ ಜಗತ್ತಿನಲ್ಲಿ ಉಳಿದಿರುವುವು 150ರ ಆಸುಪಾಸು. ಬಹುಪಾಲು ರಾಜಸ್ಥಾನದ ಮರುಭೂಮಿಯಲ್ಲಿವೆ. ಅಲ್ಲಿ ವಿದ್ಯುತ್ತಿನ ತಂತಿಗಳು ಇದರ ಮೃತ್ಯುವಾಗಿವೆ. ಭಾರವಾದ ಹಕ್ಕಿ ವೇಗವಾಗಿಯೇ ಹಾರಬೇಕೆಂದು ಹೇಳಿದೆನಷ್ಟೆ. ಆ ವೇಗದಲ್ಲಿ ಅಷ್ಟು ಭಾರವನ್ನು ಥಟ್ಟನೆ ಪಕ್ಕಕ್ಕೆ ತಿರುಗಿಸುವ ಬಲ ಅದರ ಸ್ನಾಯುಗಳಿಗಿಲ್ಲ. ಸಾಲದೆಂಬಂತೆ, ಬಸ್ಟರ್ಡ್ ಜಾತಿಯ ಹಕ್ಕಿ ಕೆಳಗಿನ ನೆಲವನ್ನು ನೋಡಲು ತಲೆ ತಗ್ಗಿಸಿದಾಗ ಮುಂದಿರುವುದು ಅದಕ್ಕೆ ಕಾಣುವುದೇ ಇಲ್ಲವೆಂದು ಆಫ್ರಿಕದ ಕೋರಿಯ ಕಣ್ಣುಗಳನ್ನು ಪರೀಕ್ಷಿಸಿ 2010ರಲ್ಲಿ ತಿಳಿಸಿದರು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕಿಗಳ ಪ್ರದೇಶದ ತಂತಿಗಳನ್ನು ಸಾಧ್ಯವಿದ್ದೆಡೆ ನೆಲದೊಳಗೆ ಹುಗಿಯಬೇಕೆಂದು ಆಜ್ಞಾಪಿಸಿ, 2024ರಲ್ಲಿ ಅದನ್ನು ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ದೂರದಿಂದ ಕಾಣಲೆಂದು ತಂತಿಗೆ ಹೊಳೆಯುವ ಬಿಲ್ಲೆಗಳನ್ನು ತೂಗುಹಾಕುವುದು ಇನ್ನೊಂದು ಉಪಾಯ. ಅದರಿಂದ ಕೆಲಮಟ್ಟಿನ ಪ್ರಯೋಜನವುಂಟು. ಆದರೆ ತಲೆ ತಗ್ಗಿಸಿ ಬರುವ ಹಕ್ಕಿಗೆ ಬಿಲ್ಲೆಯೂ ಕಾಣದು, ತಂತಿಯೂ ಕಾಣದು.