ಆಯುಧವೆಂದರೇನು?



ಕುಡುಗೋಲು ಹೊಲದಲ್ಲಿ ಪೈರನ್ನು ಕೊಯ್ಯುವುದು. ಬದುವಿನ ಜಗಳದಲ್ಲಿ ಅದೇ ಕುಡುಗೋಲು ಒಡಹುಟ್ಟಿದವನ ಕೊರಳನ್ನೂ ಕೊಯ್ಯಬಲ್ಲುದು. ಕಬ್ಬಿಣವೊಂದೇ, ಅಲಗೊಂದೇ. ಹಾಗಾದರೆ ಅದನ್ನು ಆಯುಧವನ್ನಾಗಿ ಮಾಡಿದುದು ಯಾವುದು?

ಆಯುಧವೆಂಬುದು ಯುದ್ಧಕ್ಕೆ ಸಂಬಂಧಿಸಿದ ಶಬ್ದವು. ಆದರೂ ಮಹಾನವಮಿಯ ಆಯುಧಪೂಜೆಯಲ್ಲಿ ಒಕ್ಕಲಿಗನು ನೇಗಿಲನ್ನೂ ವ್ಯಾಪಾರಿಯು ತಕ್ಕಡಿಯನ್ನೂ ಪೂಜಿಸುವರು. ಶಸ್ತ್ರವೆಂದರೆ ಕಡಿಯುವ ಸಾಧನವು. ಸುಶ್ರುತಸಂಹಿತೆಯು ಇದೇ ಹೆಸರಿನಿಂದ ವೈದ್ಯನ 20 ಉಪಕರಣಗಳನ್ನು ಎಣಿಸಿರುವುದು. ಅವೂ ಮೈಯನ್ನು ಸೀಳುವುವು, ರಕ್ತವನ್ನು ಹರಿಸುವುವು, ಆದರೆ ಪ್ರಾಣವನ್ನುಳಿಸುವುದಕ್ಕಾಗಿ.

ರಾಜಶಾಸನದಲ್ಲಿಯೂ ಈ ವಿವೇಚನೆಯುಂಟು. 1959ರ ಆಯುಧ ಕಾಯಿದೆಯು ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ಆಯುಧವಾಗಿ ರಚಿಸಿದ ಅಥವಾ ಮಾರ್ಪಡಿಸಿದ ವಸ್ತುವನ್ನು ಆಯುಧವೆನ್ನುವುದು. ಕೇವಲ ಮನೆಗೆಲಸಕ್ಕೂ ಬೇಸಾಯಕ್ಕೂ ರಚಿಸಿದವುಗಳನ್ನು, ಲಾಠಿ ಊರುಗೋಲುಗಳನ್ನು, ಹೊರಗಿಟ್ಟಿರುವುದು. ಅಷ್ಟರಿಂದಲೇ ಊರುಗೋಲಿನಿಂದ ಹೊಡೆದವನು ನಿರಪರಾಧಿಯಾಗನು. 1860ರ ದಂಡಸಂಹಿತೆಯ 324ನೆಯ ಕಲಮು, ಆಯುಧವಾಗಿ ಬಳಸಿದರೆ ಪ್ರಾಣಹಾನಿ ಮಾಡಬಹುದಾದ ಯಾವ ಉಪಕರಣವನ್ನೂ ಬಿಟ್ಟಿರಲಿಲ್ಲ. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ನಿಯಮವನ್ನು ಉಳಿಸಿಕೊಂಡಿರುವುದು. ಒಂದು ಶಾಸನವು ವಸ್ತುವಿನ ರಚನೆಯನ್ನು ನೋಡುವುದು. ಇನ್ನೊಂದು, ಕೈಯ ಬಳಕೆಯನ್ನು.

ಖಡ್ಗವನ್ನು ಆಯುಧವಾಗಿ ಮಾಡಿದವನು ಕಮ್ಮಾರನು. ಕುಡುಗೋಲನ್ನು ಆಯುಧವಾಗಿ ಮಾಡುವವನು ಅದನ್ನು ಹಿಡಿದವನೇ. ಆ ಹೊಣೆಯನ್ನು ಕಬ್ಬಿಣದ ಮೇಲೆ ಹೊರಿಸಲಾಗದು. ಆದುದರಿಂದ ಅಣ್ಣತಮ್ಮಂದಿರಲ್ಲಿ ಕಲಹವೊದಗಿದಾಗ ಭಕ್ತರು ಮೊದಲು ಕೈಯಲ್ಲಿರುವುದನ್ನು ಕೆಳಗಿಟ್ಟು, ಆಮೇಲೆ ಮಾತನಾಡಲಿ. ಕುಡುಗೋಲು ಮರುದಿನ ಹೋಗಬೇಕಾದುದು ಹೊಲಕ್ಕೆ, ನ್ಯಾಯಸ್ಥಾನಕ್ಕಲ್ಲ.